ಆಶ್ಲೇಷ ಮಳೆಯಲ್ಲಿ ಕೇಳಿ ಆಕ್ಷೇಪಣೆ

ಜುಲೈ ಬಂತೆಂದರೆ ಹೊರಊರಲ್ಲಿರುವ ಶಿವಮೊಗ್ಗದವರು ಮನೆಗೆ ಫೋನ್ ಮಾಡಿ ಮೊದಲು ಕೇಳುವುದು, ‘ಮಂಟಪ ಮುಳುಗ್ತಾ?’ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿ ನಿಂತಿರುವ ಆ ಕಲ್ಲು ಮಂಟಪವೇ ಊರಿನ ಅಳತೆಗೋಲು. ಅದು ಕಾಣದಾದ ದಿನ ಅರ್ಧ ಊರು ಸೇತುವೆ ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತದೆ. ಕುಂಬಾರಗುಂಡಿ, ಸೀಗೆಹಟ್ಟಿ, ಇಮಾಂಬಾಡದವರು ಅಕ್ಕಿ ಚೀಲ ಅಟ್ಟಕ್ಕೆ ಏರಿಸುತ್ತಾರೆ.

ಹೊಳೆ ಎಲ್ಲಿವರೆಗೆ ಬರುತ್ತದೆ ಎಂಬುದು ಜನರಿಗೆ ಇಷ್ಟು ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ನಕ್ಷೆಗೆ. ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ನಮ್ಮ ‘ಸೂಡಾ’, ಎರಡೂ ಊರುಗಳಿಗೆ ಸೇರಿಸಿ ಮಹಾಯೋಜನೆ ಮಾಡುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಅದನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು, ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆಗೆ 60 ದಿನ ಕೊಡಬೇಕು. ಕಾಗದದ ಮೇಲೆ ಒಳ್ಳೆಯ ಏರ್ಪಾಡೇ. ಆದರೆ ಬರುವ ಅರ್ಜಿಗಳಲ್ಲಿ ಎಂಥವು ಜಾಸ್ತಿ ಎಂದು ತಿಳಿಯಲು ಪಂಚಾಂಗ ನೋಡಬೇಕಿಲ್ಲ: ‘ನಮ್ಮ ಸರ್ವೆ ನಂಬರನ್ನು ಹಸಿರಿನಿಂದ ಹಳದಿಗೆ ಬದಲಿಸಿ.’ ಹಳದಿ ಎಂದರೆ ವಸತಿ, ವಸತಿ ಎಂದರೆ ಸೈಟು. ಸೋಗಾನೆಯಲ್ಲಿ 2023ರಲ್ಲಿ ವಿಮಾನ ಇಳಿದ ಮೇಲಂತೂ ಸೈಟಿನ ಮಾತಿಲ್ಲದ ಮದುವೆ ಮನೆಯೇ ಇಲ್ಲ. ನೀರು ನುಗ್ಗುವ ಮನೆಯವರು ಅರ್ಜಿ ಹಾಕುವುದಿಲ್ಲ. ಕರಡು ಪ್ರಕಟವಾಗಿದ್ದೇ ಅವರಿಗೆ ತಿಳಿದಿರುವುದಿಲ್ಲ.

ನೆರೆ ಬರುವ ಜಾಗದ ನಿಯಮವನ್ನು ಕಚೇರಿಯ ಗೋಡೆಗೆ ಅಂಟಿಸಿದ ನಕ್ಷೆ ನೋಡಿ ಬರೆಯಬಾರದು, ಮನೆಗೋಡೆಯ ಮೇಲಿನ ಕೆಸರಿನ ಗೆರೆ ನೋಡಿ ಬರೆಯಬೇಕು. ನನ್ನ ತಕರಾರು ಇಷ್ಟೇ. 2019ರ ಆಗಸ್ಟ್ ಎರಡನೇ ವಾರ ತುಂಗೆ ಊರೊಳಗೆ ಬಂದಳಲ್ಲ, ಅದಾದ ಮೇಲೆ ಹೊಳೆಸಾಲಿನ ನೆಂಟರ ಮನೆಗೆ ಹೋಗಿದ್ದೆ. ಬೀರುವಿನ ಕೆಳಗಿನ ಎರಡು ಅರೆಗಳವರೆಗೆ ತುಕ್ಕು. ಗೋಡೆಗೆ ಸುಣ್ಣ ಬಳಿದರೂ ಸೊಂಟದೆತ್ತರದಲ್ಲಿ ಕಂದು ಗೆರೆ ಮತ್ತೆ ಮತ್ತೆ ಮೂಡುತ್ತಿತ್ತು. ಅಕ್ಕ ಸ್ವಿಚ್ ಬೋರ್ಡನ್ನೆಲ್ಲ ತಲೆಯೆತ್ತರಕ್ಕೆ ಹಾಕಿಸಿದ್ದಳು. ‘ಲೈಟ್ ಹಾಕೋಕೆ ಮಕ್ಳು ಸ್ಟೂಲ್ ಹತ್ಬೇಕು ಕಣೋ’ ಎಂದು ನಕ್ಕಳು. ಆ ಮನೆಯ ಖಾತೆಯಲ್ಲಿ ಅಳತೆ, ಚಕ್ಕುಬಂದಿ, ತೆರಿಗೆ ಎಲ್ಲ ಇದೆ. ನೀರು ಎಷ್ಟು ಬಂದಿತ್ತು ಎಂದು ಬರೆಯುವುದಕ್ಕೆ ಕಾಲಂ ಇಲ್ಲ. ಬಿ-ಖಾತಾ ಅಭಿಯಾನದಂಥವು ಬಂದಾಗಲೂ ಈ ಕಾಲಂ ಯಾರ ನೆನಪಿಗೂ ಬರುವುದಿಲ್ಲ.

ಇನ್ನೊಂದು ಸಂಗತಿ. ಎರಡು ಊರಿಗೆ ಒಂದೇ ನಿಯಮ ಹೊಂದುವುದಿಲ್ಲ, ಯಾಕೆಂದರೆ ಎರಡು ಹೊಳೆಗಳ ಸ್ವಭಾವ ಬೇರೆ. ಗಾಜನೂರಿನಲ್ಲಿ ತುಂಗೆಗೆ ಕಟ್ಟಿರುವ ಅಣೆಕಟ್ಟು ಹಿಡಿಯುವುದು 3.24 ಟಿಎಂಸಿ ಮಾತ್ರ. ಶೃಂಗೇರಿ, ತೀರ್ಥಹಳ್ಳಿ ಕಡೆ ಹೊಯ್ದ ಮಳೆಯನ್ನು ಅದು ತಡೆಯಲಾರದು, ಬಂದದ್ದನ್ನು ಬಂದ ಹಾಗೆ ಕೆಳಗೆ ಬಿಡುತ್ತದೆ. ಭದ್ರಾ ಜಲಾಶಯ ಹಾಗಲ್ಲ: 186 ಅಡಿ, 71.5 ಟಿಎಂಸಿ. ಎಷ್ಟೋ ವರ್ಷ ಹೊಳೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಭದ್ರಾವತಿಯನ್ನು ಕಾಯುತ್ತದೆ. ಅಪಾಯ ಇರುವುದೂ ಅಲ್ಲೇ. ನಾಲ್ಕಾರು ವರ್ಷ ನೀರು ಬರಲಿಲ್ಲವೆಂದರೆ ದಂಡೆ ಹೊಳೆಯದ್ದು ಎಂಬುದು ಮರೆತುಹೋಗುತ್ತದೆ, ಪಾಯ ಏಳುತ್ತದೆ. ಆಮೇಲೊಂದು ವರ್ಷ ಜಲಾಶಯ ಬೇಗ ತುಂಬಿ ಗೇಟು ಎತ್ತುತ್ತಾರೆ, 2024ರ ಜುಲೈ ಕೊನೆಯಲ್ಲಿ ಆದಂತೆ. ಹೊಸ ಸೇತುವೆ ಮುಳುಗುತ್ತದೆ, ಕವಲಗುಂದಿಯವರು ಕಾಳಜಿ ಕೇಂದ್ರ ಸೇರುತ್ತಾರೆ. ಬೆಂಕೀಪುರ ಎಂಬ ಹೆಸರು ಬಿಟ್ಟು ಹೊಳೆಯ ಹೆಸರನ್ನೇ ಇಟ್ಟುಕೊಂಡ ಊರಿಗೆ ಹೊಳೆಯ ನೆನಪೇ ಹೀಗೆ ಹೋದರೆ?

ತಡೆಗೋಡೆ ಕಟ್ಟಿದರೆ ಮುಗಿಯಿತಲ್ಲ ಎನ್ನುತ್ತಾರೆ. ಎರಡೂ ಊರುಗಳಲ್ಲಿ ಮನವಿ ಪತ್ರ ಎಂದರೆ ತಡೆಗೋಡೆಯದ್ದೇ. ನೀರು ಕಂಡು ಬೆದರಿದವರು ಅದನ್ನು ಕೇಳುವುದು ಸಹಜ. ಆದರೆ ಈ ದಂಡೆಗೆ ಗೋಡೆ ಎದ್ದರೆ ನೀರು ಆ ದಂಡೆಗೆ ಏರುತ್ತದೆ. ಹೊಳೆ ಮೈದುಂಬಿದಾಗ ರಾಜಕಾಲುವೆಯ ನೀರು ಅದಕ್ಕೆ ಇಳಿಯದೆ ಹಿಂದಕ್ಕೆ ಒತ್ತುತ್ತದೆ, ಗೋಡೆಯ ಒಳಗಿನ ಬೀದಿಯೇ ಕೆರೆಯಾಗುತ್ತದೆ. ನೆದರ್ಲೆಂಡ್ಸ್‌ನವರಷ್ಟು ಗೋಡೆ ಕಟ್ಟಿದವರು ಯಾರಿದ್ದಾರೆ? ಅವರೇ ನೈಮೇಹೆನ್ ಊರಿನ ಬಳಿ ವಾಲ್ ನದಿಯ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಟ್ಟುಕೊಟ್ಟರು. ನಾವು ಸ್ಮಾರ್ಟ್ ಸಿಟಿ ಹಣದಲ್ಲಿ ಹೊಳೆದಂಡೆಗೆ ವಾಕಿಂಗ್ ಪಾತ್ ಹಾಕಿಕೊಂಡೆವು. ಸಂಜೆ ಹೊತ್ತು ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ.

ಬೆಂಗಳೂರು ಕೂಡ ನಮಗೆ ದಾರಿ ತೋರುವ ಸ್ಥಿತಿಯಲ್ಲಿಲ್ಲ. ಕೆರೆ ಸುತ್ತ ಬಿಡಬೇಕಿದ್ದ 30 ಮೀಟರ್ ಜಾಗವನ್ನು ಕೆರೆಯ ಗಾತ್ರ ನೋಡಿ ಕಡಿಮೆ ಮಾಡುವ ಮಸೂದೆಗೆ ವಿಧಾನಮಂಡಲ 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಐದು ಗುಂಟೆಯೊಳಗಿನ ಕಟ್ಟೆಗೆ ಒಂದಡಿಯೂ ಬಿಡಬೇಕಿಲ್ಲವಂತೆ. ನೆರೆ ಜಾಗವನ್ನು ವಲಯ ಮಾಡಿ ಗುರುತಿಸಿ ಎಂದು ಕೇಂದ್ರ ಮಾದರಿ ಮಸೂದೆ ಕಳಿಸಿದ್ದು 1975ರಲ್ಲಿ. ಮಣಿಪುರ, ರಾಜಸ್ಥಾನದಂಥ ಬೆರಳೆಣಿಕೆಯ ರಾಜ್ಯಗಳು ಕಾನೂನು ಮಾಡಿದವು. ಕರ್ನಾಟಕ ಮಾಡಲಿಲ್ಲ.

ಬಡವರನ್ನು ಎಬ್ಬಿಸಲು ಇದೊಂದು ನೆಪ ಎನ್ನುವವರ ಅನುಮಾನ ಸುಳ್ಳಲ್ಲ. ಗೆರೆ ಎಳೆದ ಮರುದಿನ ಜೆಸಿಬಿ ಬರುವುದು ಗುಡಿಸಲಿಗೆ, ಲೇಔಟಿನ ಕಮಾನಿಗಲ್ಲ. ಹಾಗಾಗಿ ನಿಯಮ ಮೊದಲು ಕಚ್ಚಬೇಕಾದದ್ದು ಹೊಸ ಭೂಪರಿವರ್ತನೆಯನ್ನು, ಹೊಸ ಲೇಔಟನ್ನು, ಸರ್ಕಾರದ್ದೇ ಕಟ್ಟಡವನ್ನು. ಇದ್ದವರಿಗೆ ಬೇಕಾದದ್ದು ಊರೊಳಗೇ, ದುಡಿಮೆಗೆ ಹತ್ತಿರದಲ್ಲಿ ಬದಲಿ ಮನೆ. ಹೋಗುವುದೋ ಬಿಡುವುದೋ ಅವರೇ ತೀರ್ಮಾನಿಸಲಿ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ಕೊಟ್ಟಿತು. ಬೇರೆ ಜಾಗವಿಲ್ಲದವನು ಆ ದುಡ್ಡಲ್ಲಿ ಎಲ್ಲಿ ಕಟ್ಟಬೇಕು? ಬಿದ್ದ ಪಾಯದ ಮೇಲೇ.

ಇಂಥವರ ಮಾತು ಕರಡಿಗೆ ಸೇರಬೇಕಾದರೆ ಅಹವಾಲು ಸಭೆ ಸೂಡಾ ಸಭಾಂಗಣದಲ್ಲಿ ಬೇಡ. ಕುಂಬಾರಗುಂಡಿಯವರೂ ಕವಲಗುಂದಿಯವರೂ ಮಳೆಗಾಲದಲ್ಲಿ ಚಾಪೆ ಹಾಸಿ ಮಲಗುವ ಕಾಳಜಿ ಕೇಂದ್ರದಲ್ಲೇ ಕೂರಲಿ. ಕರಡು ಕನ್ನಡದಲ್ಲಿರಲಿ, ಸರ್ವೆ ನಂಬರಿನ ಜೊತೆ ಬೀದಿಯ ಹೆಸರೂ ಇರಲಿ. ಸಮಯವೂ ಮುಖ್ಯ. ಚೈತ್ರದ ಬಿಸಿಲಲ್ಲಿ ಸ್ಥಳ ಪರಿಶೀಲನೆಗೆ ಬಂದ ಎಂಜಿನಿಯರಿಗೆ ರಾಜಕಾಲುವೆ ಒಣ ಹಳ್ಳದಂತೆ, ತುಂಗೆ ಬಂಡೆಗಳ ರಾಶಿಯಂತೆ ಕಾಣುತ್ತದೆ. ಕರಡು ಆಗ ಸಿದ್ಧವಾದರೂ ಕಪಾಟಿನಲ್ಲಿರಲಿ. ಆರಿದ್ರೆ ಕಳೆದು, ಜುಲೈ ಮೊದಲ ವಾರ ಪ್ರಕಟಿಸಲಿ. ಅಲ್ಲಿಂದ 60 ದಿನ ಎಣಿಸಿದರೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ನಾಲ್ಕೂ ಮಳೆ ಅದರೊಳಗೇ ಬರುತ್ತವೆ.