ಹೇಳದೆ ಜಡಿದ ಬೀಗ

ಒಡೆಯನನ್ನು ಕೇಳದೆ ಅವನ ಉಗ್ರಾಣಕ್ಕೆ ಬೀಗ ಜಡಿದು, ಬೀಗದಕೈಯನ್ನು ತನ್ನಲ್ಲಿಯೇ ಇರಿಸಿಕೊಂಡವನು ‘ಇದೆಲ್ಲವೂ ನಿನ್ನ ರಕ್ಷಣೆಗಾಗಿಯೇ’ ಎಂದರೆ ಆ ಮಾತನ್ನು ಪೇಟೆಯಲ್ಲಿ ಯಾರೂ ಒಪ್ಪಲಾರರು. ಅದೇ ಕೆಲಸವು ಗಣಕಯಂತ್ರದೊಳಗೆ ನಡೆದಾಗ ಮಾತ್ರ ಅದಕ್ಕೆ ‘ಭದ್ರತೆ’ ಎಂಬ ಗೌರವದ ಹೆಸರು ದೊರೆಯುತ್ತದೆ. ಬಸದಿಗಳ ಜಮಾಖರ್ಚು, ದಾನಿಗಳ ಪಟ್ಟಿ, ಜೀರ್ಣೋದ್ಧಾರದ ನಕ್ಷೆಗಳು, ತಾಡವೋಲೆಗಳ ಛಾಯಾಚಿತ್ರಗಳು, ಮನೆತನದ ಆಸ್ತಿಪತ್ರಗಳ ಪ್ರತಿಗಳು ಇವೆಲ್ಲ ಇಂದು ಅಂಗೈಯಗಲದ ಒಂದು ಡಿಸ್ಕಿನಲ್ಲಿ ಸೇರಿಕೊಂಡಿವೆ. ಆದುದರಿಂದ ಈ ಬೀಗದ ಪ್ರಶ್ನೆಯು ಕೇವಲ ತಂತ್ರಜ್ಞರಿಗೆ ಸೇರಿದ್ದಲ್ಲ, ಶ್ರಾವಕಾಚಾರಕ್ಕೂ ಸೇರಿದ್ದು.

ಸಂಗತಿ ಹೀಗಿದೆ. ಮೈಕ್ರೋಸಾಫ್ಟ್ ಸಂಸ್ಥೆಯು 2007ರಲ್ಲಿ ವಿಂಡೋಸ್ ವಿಸ್ಟಾ ಆವೃತ್ತಿಯೊಡನೆ ‘ಬಿಟ್‌ಲಾಕರ್’ ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಡಿಸ್ಕಿನಲ್ಲಿರುವ ಸಮಸ್ತ ಬರಹವನ್ನೂ ಗೂಢಲಿಪಿಗೆ ತಿರುಗಿಸಿ, ಕೀಲಿಯಿಲ್ಲದವರಿಗೆ ಅದು ಅರ್ಥವಾಗದಂತೆ ಮಾಡುವುದೇ ಅದರ ಕೆಲಸ. ಆಗ ಬೇಕೆಂದವರು ಮಾತ್ರ ಅದನ್ನು ತಾವಾಗಿ ಚಾಲನೆಗೆ ತಂದುಕೊಳ್ಳಬೇಕಾಗಿತ್ತು. 2013ರ ವಿಂಡೋಸ್ 8.1ರಿಂದ ಕೆಲವು ಬಗೆಯ ಯಂತ್ರಗಳಲ್ಲಿ ಅದರ ಸರಳ ರೂಪವು ತಾನಾಗಿಯೇ ಚಾಲನೆಗೆ ಬರತೊಡಗಿತು. 2024ರ ಅಕ್ಟೋಬರಿನಲ್ಲಿ ಹೊರಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ, ಯಂತ್ರಾಂಶದ ಬಗೆಗೆ ಹಿಂದೆ ಇದ್ದ ನಿಬಂಧನೆಗಳನ್ನು ಸಡಿಲಿಸಿ, ಮನೆಬಳಕೆಯ ‘ಹೋಮ್’ ಆವೃತ್ತಿಯೂ ಸೇರಿದಂತೆ ಬಹುಪಾಲು ಹೊಸ ಯಂತ್ರಗಳಿಗೆ ಇದನ್ನು ವಿಸ್ತರಿಸಲಾಯಿತು. ಹೊಸ ಯಂತ್ರವನ್ನು ಕೊಂಡಾಗ, ಅಥವಾ ಇದ್ದ ಯಂತ್ರದಲ್ಲಿ ಈ ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿದಾಗ, ಮೈಕ್ರೋಸಾಫ್ಟ್ ಖಾತೆಯ ಮೂಲಕ ಒಳಪ್ರವೇಶಿಸಿದರೆ ಸಾಕು, ಬೀಗ ಬೀಳುತ್ತದೆ. ವಿಂಡೋಸ್ 10ಕ್ಕೆ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದುದರಿಂದ ಹಳೆಯ ಯಂತ್ರಗಳನ್ನು ಬಿಟ್ಟು ಹೊಸದನ್ನು ಕೊಳ್ಳುವ ಕಚೇರಿಗಳೆಲ್ಲವೂ ಈಗ ಈ ಬಾಗಿಲನ್ನೇ ಹಾದುಹೋಗಬೇಕಾಗಿದೆ.

ಈ ಬೀಗವು ನಿತ್ಯದ ಬಳಕೆಯಲ್ಲಿ ಕಾಣಿಸುವುದಿಲ್ಲ. ಯಂತ್ರದೊಳಗಿನ ‘ಟಿಪಿಎಂ’ ಎಂಬ ಸಣ್ಣ ಘಟಕವು ಪ್ರತಿದಿನವೂ ಮೌನವಾಗಿ ಬಾಗಿಲು ತೆರೆದುಕೊಡುತ್ತದೆ. ಆದರೆ ಮುಖ್ಯಫಲಕ ಕೆಟ್ಟು ಬದಲಾಯಿಸಿದ ದಿನ, ಇಲ್ಲವೆ ಯಂತ್ರದ ಮೂಲ ತಂತ್ರಾಂಶದಲ್ಲಿ ಮಾರ್ಪಾಡಾದ ದಿನ, ಆ ಘಟಕಕ್ಕೆ ಸಂಶಯ ಹುಟ್ಟುತ್ತದೆ. ಆಗ ಪರದೆಯು ನೀಲಿಯಾಗಿ 48 ಅಂಕೆಗಳ ಒಂದು ಕೀಲಿಯನ್ನು ಕೇಳುತ್ತದೆ. ಆರಾರು ಅಂಕೆಗಳ ಎಂಟು ಗುಂಪುಗಳ ಆ ಕೀಲಿ ಇಲ್ಲದಿದ್ದರೆ ಒಳಗಿನದೆಲ್ಲವೂ ಬೂದಿಗೆ ಸಮಾನ. ಕಳೆದುಹೋದ ಕೀಲಿಯನ್ನು ಮರಳಿ ಸೃಷ್ಟಿಸಿಕೊಡಲು ತನ್ನ ಸಹಾಯ ವಿಭಾಗದಿಂದ ಸಾಧ್ಯವಿಲ್ಲವೆಂದು ಸಂಸ್ಥೆಯೇ ಹೇಳಿದೆ. ಸಂಶಯಕ್ಕೆ ಕಾರಣವು ಬಳಸುವವನ ತಪ್ಪೇ ಆಗಿರಬೇಕೆಂದೂ ಇಲ್ಲ. 2024ರ ಜುಲೈನಲ್ಲಿ ಸಂಸ್ಥೆಯು ತಾನೇ ಕಳುಹಿಸಿದ ಭದ್ರತಾ ಪರಿಷ್ಕರಣೆಯೊಂದರ ನಂತರ ಕೆಲವು ಯಂತ್ರಗಳು ಏಕಾಏಕಿ ಈ ಕೀಲಿಯನ್ನು ಕೇಳತೊಡಗಿದವು. ಸಂಸ್ಥೆಯು ಅದನ್ನು ಒಪ್ಪಿಕೊಂಡು ಮರುತಿಂಗಳಲ್ಲಿ ಸರಿಪಡಿಸಿತು.

ಈ ವ್ಯವಸ್ಥೆಯ ಪರವಾದ ವಾದವನ್ನು ಮೊದಲು ನ್ಯಾಯವಾಗಿ ಆಲಿಸಬೇಕು. ಬಸ್ಸಿನಲ್ಲಿ ಮರೆತುಹೋದ ಲ್ಯಾಪ್‌ಟಾಪಿನಿಂದ ದಾನಿಗಳ ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆ, ಬ್ಯಾಂಕಿನ ವಿವರಗಳು ದುಷ್ಟರ ಕೈಸೇರಿದರೆ ಆಗುವ ಕೇಡು ಸಣ್ಣದಲ್ಲ. ಆ ಕೇಡನ್ನು ತಡೆಯುವುದು ಧರ್ಮವೇ. ಬೀಗವನ್ನು ಬಳಸುವವನ ಇಚ್ಛೆಗೆ ಬಿಟ್ಟರೆ ನೂರಕ್ಕೆ ತೊಂಬತ್ತು ಮಂದಿ ಹಾಕಿಕೊಳ್ಳುವುದೇ ಇಲ್ಲ ಎಂಬ ಮಾತಿನಲ್ಲಿಯೂ ಲೋಕಾನುಭವವಿದೆ. ಕೈಯಲ್ಲಿರುವ ಮೊಬೈಲ್ ದೂರವಾಣಿಗಳೂ ಇದೇ ರೀತಿ ಬೀಗ ಹಾಕಿಕೊಂಡಿವೆಯಲ್ಲವೇ, ಅದಕ್ಕೇಕೆ ಆಕ್ಷೇಪವಿಲ್ಲ ಎಂದೂ ಕೇಳಬಹುದು.

ಉತ್ತರವು ಆ ಕೊನೆಯ ಪ್ರಶ್ನೆಯಲ್ಲಿಯೇ ಅಡಗಿದೆ. ದೂರವಾಣಿಯ ಬೀಗವನ್ನು ಅದರ ಒಡೆಯನು ದಿನಕ್ಕೆ ಹತ್ತಾರು ಬಾರಿ ತಾನೇ ತೆರೆಯುತ್ತಾನೆ. ಅದರ ಗುಟ್ಟು ಅವನ ನೆನಪಿನಲ್ಲಿದೆ. ಗಣಕಯಂತ್ರದ ಈ ಬೀಗವಾದರೋ ಇದೆಯೆಂಬುದೇ ಅವನಿಗೆ ತಿಳಿಯದು. ತಿಳಿಯುವುದು ತೆರೆಯಲಾಗದ ದಿನ. ಆಕ್ಷೇಪವಿರುವುದು ಬೀಗಕ್ಕಲ್ಲ, ಬೀಗ ಹಾಕಿದುದನ್ನು ಒಡೆಯನಿಗೆ ಹೇಳದಿರುವುದಕ್ಕೆ.

ಸ್ಥಾಪನೆಯ ಹೊತ್ತಿನಲ್ಲಿ ಉದ್ದನೆಯ ಕರಾರನ್ನು ಒಪ್ಪಿ ಗುಂಡಿಯೊತ್ತಿದ ಮೇಲೆ ಸಮ್ಮತಿ ದೊರೆತಂತೆಯೇ ಎಂಬ ವಾದವೂ ಉಂಟು. ವಾಣಿಜ್ಯ ವಿದ್ಯಾರ್ಥಿಗಳು ಆರಂಭದಲ್ಲಿಯೇ ಓದುವ 1872ರ ಭಾರತೀಯ ಕರಾರು ಕಾಯಿದೆಯ ಆಶಯವೇನೆಂದರೆ, ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿ. ಬೀಗದ ಇರವನ್ನೇ ಅರಿಯದವನು ಯಾವ ವಿಷಯವನ್ನು ಯಾವ ಅರ್ಥದಲ್ಲಿ ಒಪ್ಪಿದಂತಾಯಿತು? ಜೈನಾಚಾರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೃತ, ಕಾರಿತ, ಅನುಮೋದಿತ ಎಂದು ಕರ್ಮವನ್ನು ಮೂರು ಬಗೆಯಾಗಿ ವಿಂಗಡಿಸಿದ ಆಚಾರ್ಯರು ಅನುಮೋದನೆಯನ್ನೂ ಆತ್ಮನ ಒಂದು ಕ್ರಿಯೆಯೆಂದೇ ಎಣಿಸಿದರು. ಒಬ್ಬನ ಪರವಾಗಿ ಇನ್ನೊಬ್ಬನು ಉಪವಾಸ ಮಾಡಲಾಗದು. ಅಂತೆಯೇ ಒಬ್ಬನ ಪರವಾಗಿ ಇನ್ನೊಬ್ಬನು ಅನುಮೋದಿಸಲೂ ಆಗದು.

ಹೇಳುವುದು ಕಷ್ಟವೆಂದೇನೂ ಅಲ್ಲ. ವಿಂಡೋಸಿನ ‘ಪ್ರೊ’ ಆವೃತ್ತಿಯಲ್ಲಿ ಬಳಸುವವನು ತಾನೇ ಬಿಟ್‌ಲಾಕರನ್ನು ಚಾಲನೆಗೆ ತಂದಾಗ, ಕೀಲಿಯನ್ನು ಖಾತೆಯಲ್ಲಿ ಇಡಬೇಕೇ, ಕಡತದಲ್ಲಿ ಉಳಿಸಬೇಕೇ, ಕಾಗದದ ಮೇಲೆ ಮುದ್ರಿಸಬೇಕೇ ಎಂದು ಅದು ಕೇಳುತ್ತದೆ. ಅಂದರೆ ಸರಿಯಾದ ಕ್ರಮವು ಸಂಸ್ಥೆಗೆ ಗೊತ್ತಿದೆ. ಬಲ್ಲವನನ್ನು ಕೇಳಿ, ಅರಿಯದವನನ್ನು ಕೇಳದೆ ಬಿಡುವ ಈ ನಡತೆಗೆ ಸಮಯದ ಉಳಿತಾಯವೇ ಕಾರಣವಾಗಿದ್ದರೆ, ಅದು ಬಹಳ ದುಬಾರಿಯ ಉಳಿತಾಯ.

ಇದನ್ನು ಅದತ್ತಾದಾನವೆಂದು, ಎಂದರೆ ಕೊಡದುದನ್ನು ತೆಗೆದುಕೊಳ್ಳುವ ಕಳ್ಳತನವೆಂದು, ಕರೆಯುವುದು ಅತಿಯಾದೀತು. ಸಂಸ್ಥೆಯು ಕಡತಗಳನ್ನು ಒಯ್ದಿಲ್ಲ. ಕೀಲಿಯು ಒಡೆಯನ ಹೆಸರಿನ ಖಾತೆಯಲ್ಲಿಯೇ ಇದೆ. ಆದರೆ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ ಎಂಬುದೊಂದನ್ನು ಎಣಿಸಿದೆ. ಠೇವಣಿ ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ನಿಜವನ್ನು ಬಲ್ಲ ಸಾಹುಕಾರನು ‘ಹೌದು, ಅಷ್ಟೇ’ ಎಂದು ಬಿಡುವುದೇ ನ್ಯಾಸಾಪಹಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಇದನ್ನು ಕಳ್ಳತನದ ಸಾಲಿನಲ್ಲಿ ಇರಿಸದೆ ಸತ್ಯದ ಸಾಲಿನಲ್ಲಿ ಇರಿಸಿದುದು ಗಮನಾರ್ಹ. ಅಲ್ಲಿ ತಪ್ಪು ಕೈಯದಲ್ಲ, ನಾಲಗೆಯದು. ಇಟ್ಟವನ ಅಜ್ಞಾನವನ್ನು ತಿಳಿದೂ ತಿದ್ದದಿರುವುದು ತಪ್ಪು. ಕೀಲಿಯೆಂಬ ನ್ಯಾಸವನ್ನು ಕೈಯಲ್ಲಿ ಹಿಡಿದು, ‘ನಿನ್ನದೊಂದು ವಸ್ತು ನನ್ನಲ್ಲಿದೆ, ಬರೆದುಕೋ’ ಎಂದು ಸ್ಪಷ್ಟವಾಗಿ ನುಡಿಯದ ವ್ಯವಸ್ಥೆಯು ಈ ಅತಿಚಾರದ ಹೊಸ್ತಿಲಲ್ಲಿಯೇ ನಿಂತಿದೆ.

ಹಾಗೆಂದು ದೂರದ ಸಂಸ್ಥೆಯನ್ನು ದೂರಿ ಸುಮ್ಮನಾಗುವಂತಿಲ್ಲ. ನ್ಯಾಸವೆಂಬ ಪದವು ಉತ್ತರದೇಶದಲ್ಲಿ ಟ್ರಸ್ಟಿಗೂ ಹೆಸರಾಗಿದೆ. ಬಸದಿಯ ಕಚೇರಿಯೊಂದರಲ್ಲಿ ಸಾಮಾನ್ಯವಾಗಿ ನಡೆಯಬಹುದಾದುದನ್ನು ಊಹಿಸಿಕೊಳ್ಳಬೇಕು. ಯಂತ್ರವನ್ನು ಸಿದ್ಧಪಡಿಸಲು ಬಂದ ಅಂಗಡಿಯ ಹುಡುಗನು ಕೆಲಸ ಬೇಗ ಮುಗಿಯಲೆಂದು ತನ್ನದೇ ಇ-ಮೇಲ್ ವಿಳಾಸವನ್ನು ಕೊಡುತ್ತಾನೆ, ಇಲ್ಲವೆ ಅಂದಿನ ಕಾರ್ಯದರ್ಶಿಯ ಖಾಸಗಿ ವಿಳಾಸವನ್ನು ಕೊಡುತ್ತಾನೆ. ಕೀಲಿಯು ಆ ಖಾತೆಗೆ ಹೋಗಿ ಸೇರುತ್ತದೆ. ಹುಡುಗನು ಊರು ಬಿಡುತ್ತಾನೆ. ಕಾರ್ಯದರ್ಶಿಯ ಅವಧಿ ಮುಗಿಯುತ್ತದೆ. ಐದು ವರ್ಷಗಳ ನಂತರ ಯಂತ್ರವು ಕೀಲಿಯನ್ನು ಕೇಳಿದಾಗ ಆಡಳಿತ ಮಂಡಳಿಯಲ್ಲಿ ಉತ್ತರಿಸುವವರಿರುವುದಿಲ್ಲ. ಪ್ರಮಾದದಿಂದ ಆಗುವ ಪ್ರಾಣಹಾನಿಯೇ ಹಿಂಸೆಯೆಂದು ಸಾರಿದ ಧರ್ಮದಲ್ಲಿ ಹುಟ್ಟಿದವರಿಗೆ ಪ್ರಮಾದವೆಂಬ ಪದದ ಭಾರವನ್ನು ಬೇರೆ ವಿವರಿಸಬೇಕಾಗಿಲ್ಲ. ಹುಂಡಿಯ ಬೀಗದಕೈಯನ್ನು ಇಬ್ಬರ ರುಜುವಿಲ್ಲದೆ ಹಸ್ತಾಂತರಿಸದ ಮೊಕ್ತೇಸರರು, ಹುಂಡಿಯ ಲೆಕ್ಕವಿರುವ ಡಿಸ್ಕಿನ ಕೀಲಿ ಯಾರಲ್ಲಿದೆ ಎಂಬುದನ್ನು ವಿಚಾರಿಸದಿರುವುದು ಸೋಜಿಗ.

ಕನ್ನಡನಾಡಿನ ಜೈನರಿಗೆ ಈ ವಿಷಯದಲ್ಲಿ ಹೊರಗಿನಿಂದ ಪಾಠ ಬೇಕಾಗಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವು ನಶಿಸಬಾರದೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮೂಡುಬಿದಿರೆಯಲ್ಲಿ ಧವಲಾ ಸಿದ್ಧಾಂತದ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿದವರ ಶ್ರದ್ಧೆ ವಂದನೀಯ. ಆದರೆ ದರ್ಶನಕ್ಕಷ್ಟೇ ದೊರೆಯುತ್ತಿದ್ದ ಆ ಗ್ರಂಥವು ವಿದ್ವಾಂಸರ ಕಣ್ಣಿಗೆ ಬಿದ್ದುದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಮೊದಲಾಗಿ, 1939ರಿಂದ ಮುದ್ರಣ ಕಂಡ ಮೇಲೆಯೇ. ಬೀಗವು ವಸ್ತುವನ್ನು ಕಳ್ಳರಿಂದ ಉಳಿಸಬಲ್ಲದು. ಕಾಲದಿಂದ ಉಳಿಸುವುದು ಪ್ರತಿ ಮಾತ್ರ.

ಮೈಕ್ರೋಸಾಫ್ಟ್ ಸಂಸ್ಥೆಯಿಂದ ಕೇಳಬೇಕಾದುದು ಅಲ್ಪ: ಬೀಗ ಹಾಕುವ ಮುನ್ನ ಬಳಸುವವನ ಭಾಷೆಯಲ್ಲಿ ಒಂದು ಪ್ರಶ್ನೆ, ‘ಆಗಲಿ’ ಎಂದವನಿಗೆ ಕೀಲಿಯನ್ನು ಬರೆದುಕೊಂಡ ನಂತರವೇ ಮುಂದಿನ ಹೆಜ್ಜೆ. ಟ್ರಸ್ಟುಗಳು ಮಾಡಬೇಕಾದುದು ಅದಕ್ಕಾಗಿ ಕಾಯಬೇಕಾಗಿಲ್ಲ. ಯಂತ್ರದ ಸೆಟ್ಟಿಂಗ್ಸಿನಲ್ಲಿ ಡಿಸ್ಕಿಗೆ ಬೀಗವಿದೆಯೇ ಎಂಬುದನ್ನು ಇಂದೇ ನೋಡಬೇಕು. ಇದ್ದರೆ ಅದನ್ನು ಕಿತ್ತೊಗೆಯುವುದು ವಿವೇಕವಲ್ಲ, ದಾನಿಗಳ ಗೌಪ್ಯ ಕಾಯುವುದೂ ಕರ್ತವ್ಯವೇ. ಕೀಲಿಯು ಯಾವ ಖಾತೆಯಲ್ಲಿದೆ ಎಂದು ಪತ್ತೆಹಚ್ಚಿ, ಟ್ರಸ್ಟಿನ ಹೆಸರಿನ ಖಾತೆಗೆ ತಂದು, ಕಾಗದದ ಮೇಲೆ ಮುದ್ರಿಸಿ ಮೊಹರು ಮಾಡಿದ ಲಕೋಟೆಗಳಲ್ಲಿ ಒಂದನ್ನು ತಿಜೋರಿಯಲ್ಲಿಯೂ ಇನ್ನೊಂದನ್ನು ಬೇರೆ ಕಟ್ಟಡದಲ್ಲಿ ಖಜಾಂಚಿಯ ಬಳಿಯೂ ಇರಿಸಬೇಕು. ಬೀಗವನ್ನು ತೆಗೆದು ಮತ್ತೆ ಹಾಕಿದರೆ ಕೀಲಿಯೇ ಬದಲಾಗುವುದರಿಂದ ಲಕೋಟೆಯೂ ಬದಲಾಗಬೇಕು. ಕಡತಗಳ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿರಬೇಕು. ಅಧಿಕಾರ ಹಸ್ತಾಂತರದ ದಿನ ಆಭರಣಗಳ ಪಟ್ಟಿಯ ಜೊತೆಗೆ ಈ ಲಕೋಟೆಯೂ ನಡವಳಿ ಪುಸ್ತಕದಲ್ಲಿ ನಮೂದಾಗಬೇಕು. ನಮೂದಾಗಬೇಕಾದುದು ಲಕೋಟೆ ಸಂದಾಯವಾದ ಸಂಗತಿಯೇ ಹೊರತು ಅಂಕೆಗಳಲ್ಲ.

ದೀಪಾವಳಿಯಂದು, ವೀರನಿರ್ವಾಣದ ಹೊಸ ವರ್ಷಕ್ಕೆ, ಲೆಕ್ಕದ ಪುಸ್ತಕಗಳನ್ನು ಪೂಜಿಸುವ ಪದ್ಧತಿ ಜೈನ ವರ್ತಕರಲ್ಲಿ ಹಿಂದಿನಿಂದ ಬಂದಿದೆ. ಪುಸ್ತಕವು ಡಿಸ್ಕಿನೊಳಗೆ ಸೇರಿದ ಮೇಲೂ ಆ ಪೂಜೆ ನಿಲ್ಲಬೇಕಾಗಿಲ್ಲ. ಆದರೆ ಈ ವರ್ಷ ಕುಂಕುಮವಿಡುವ ಮೊದಲು, ಆ ಪುಸ್ತಕವನ್ನು ತೆರೆಯುವ 48 ಅಂಕೆಗಳು ಎಲ್ಲಿವೆಯೆಂದು ಪ್ರತಿಯೊಂದು ಮನೆಯ ಹಿರಿಯರೂ ಪ್ರತಿಯೊಂದು ಬಸದಿಯ ಖಜಾಂಚಿಯೂ ತಮ್ಮ ಕೈಯಾರೆ ನೋಡಿಕೊಳ್ಳಲಿ.