ಎಸಿ ಗ್ಯಾಸ್ 'ಖಾಲಿ' ಆಗೋದಿಲ್ಲ, ಸೋರತದ: ಕಳವು, ಕಲಬೆರಕೆ ಮತ್ತು ಮೆಕ್ಯಾನಿಕ್ ಹುಡುಗರ ಜೀವ

ಗದಗ: ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿ, ಆಸ್ಪತ್ರೆ, ಮನೆಗಳಲ್ಲಿ ಒಂದೇ ಮಾತು. "ಎಸಿ ತಣ್ಣಗ ಆಗವಲ್ದು, ಗ್ಯಾಸ್ ಖಾಲಿ ಆಗಿರಬೇಕು, ಮೆಕ್ಯಾನಿಕ್‌ಗ ಫೋನ್ ಹಚ್ರಿ." ಮೆಕ್ಯಾನಿಕ್ ಬರುತ್ತಾನೆ, ಅರ್ಧ ತಾಸಿನಲ್ಲಿ ಗ್ಯಾಸ್ ತುಂಬಿ ರೊಕ್ಕ ತೊಗೊಂಡು ಹೋಗುತ್ತಾನೆ. ಯಾವ ಗ್ಯಾಸ್, ಎಷ್ಟು ತೂಕ, ಎಲ್ಲಿಂದ ತಂದದ್ದು ಎಂದು ನಾವು ಕೇಳುವುದಿಲ್ಲ. ಬಿಲ್ಲೂ ಇರುವುದಿಲ್ಲ. ಕಳವು ಮಾಲು ಮತ್ತು ಕಲಬೆರಕೆ ಗ್ಯಾಸ್ ಎರಡೂ ಒಳಗೆ ಬರುವ ಬಾಗಿಲು ಇದೇ.

ಮೊದಲು ತಪ್ಪು ತಿಳಿವಳಿಕೆ ಬಿಡೋಣ

ಎಸಿ ಗ್ಯಾಸ್ ಪೆಟ್ರೋಲ್‌ನಂತೆ ಉರಿದು ಮುಗಿಯುವ ವಸ್ತುವಲ್ಲ. ತಾಮ್ರದ ಕೊಳವೆಯೊಳಗೆ ದ್ರವವಾಗಿ, ಅನಿಲವಾಗಿ ಸುತ್ತುತ್ತಲೇ ಇರುತ್ತದೆ. ಕೊಳವೆ ಗಟ್ಟಿ ಇದ್ದರೆ ಹಾಕಿದ ಗ್ಯಾಸ್ ವರ್ಷಗಟ್ಟಲೆ ಹಾಗೇ ಇರಬೇಕು. ಕಡಿಮೆ ಆಯಿತೆಂದರೆ ಎಲ್ಲೋ ಸೋರಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ. ಮೂರನೆಯ ಕಾರಣವಿಲ್ಲ. ಸೋರುವ ಜಾಗ ಮುಚ್ಚದೆ ವರ್ಷಾ ವರ್ಷಾ ಗ್ಯಾಸ್ ತುಂಬಿಸುವುದೆಂದರೆ ತೂತು ಬಿದ್ದ ಕೊಡಕ್ಕೆ ನೀರು ಹಾಕಿದಂತೆ.

ಕಳ್ಳನಿಗೆ ತಾಮ್ರ, ಮಾಲೀಕನಿಗೆ ಖರ್ಚು

ಎಸಿಯ ಹೊರ ಯುನಿಟ್ ಮಾಳಿಗೆ ಮೇಲೆ, ಹಿತ್ತಿಲ ಗೋಡೆಗೆ, ಯಾರೂ ನೋಡದ ಕಡೆ ಇರುತ್ತದೆ. ಕಳ್ಳರ ಕಣ್ಣು ಬೀಳುವುದು ಹೆಚ್ಚಾಗಿ ಅದರ ತಾಮ್ರದ ಮೇಲೆ. ಕೊಳವೆ ಕತ್ತರಿಸಿದ ಕೆಲವೇ ನಿಮಿಷದಲ್ಲಿ ಒಳಗಿನ ಗ್ಯಾಸ್ ಗಾಳಿಪಾಲು. ಕಳ್ಳನಿಗೆ ಗುಜರಿ ಅಂಗಡಿಯಲ್ಲಿ ಸಿಗುವುದು ಸ್ವಲ್ಪ ದುಡ್ಡು. ಮಾಲೀಕ ಹೊಸ ಕೊಳವೆ, ಹೊಸ ಗ್ಯಾಸ್, ಕೂಲಿ ಎಲ್ಲಾ ಕೊಡಬೇಕು.

ಗ್ಯಾಸನ್ನೇ ಕದಿಯುವುದೂ ಉಂಟು. ಅಮೆರಿಕದಲ್ಲಿ ಹದಿಹರೆಯದ ಹುಡುಗರು ಮನೆ ಹೊರಗಿನ ಎಸಿಯಿಂದ ಗ್ಯಾಸ್ ತೆಗೆದು ನಶೆಗಾಗಿ ಮೂಸಿ ಸತ್ತ ಪ್ರಕರಣಗಳು ನಡೆದವು. ಅಲ್ಲಿನ 2009ರ ಮಾದರಿ ಕಟ್ಟಡ ನಿಯಮಾವಳಿಯಲ್ಲಿ ಹೊರಗಿನ ಗ್ಯಾಸ್ ವಾಲ್ವ್‌ಗೆ ಬೀಗದ ಮುಚ್ಚಳ ಇರಬೇಕೆಂದು ಬರೆಯಲಾಯಿತು. ಈ ಅನಿಲ ಹೃದಯ ಬಡಿತವನ್ನೇ ಏರುಪೇರು ಮಾಡುತ್ತದೆ. ಮೊದಲ ಸಲಕ್ಕೇ ಜೀವ ಹೋಗಬಹುದು. ಪಂಕ್ಚರ್ ದ್ರಾವಣ, ವೈಟ್ನರ್ ಮೂಸುವ ಹುಡುಗರ ಬಗ್ಗೆ ಆತಂಕಪಡುವ ಪಾಲಕರು, ಶಿಕ್ಷಕರು ಇದನ್ನೂ ತಿಳಿದಿರಬೇಕು.

ಕಲಬೆರಕೆ ಯಾಕೆ ಹೆಚ್ಚುವ ಭಯ?

ನಮ್ಮೂರ ಹಳೆಯ ಎಸಿಗಳಲ್ಲಿ ಇರುವುದು ಆರ್-22. ಇದು ಓಝೋನ್ ಪದರಕ್ಕೆ ಹಾನಿಕಾರಕ. 1987ರ ಮಾಂಟ್ರಿಯಲ್ ಒಪ್ಪಂದದಂತೆ ಹಂತಹಂತವಾಗಿ ನಿಲ್ಲಬೇಕಾದದ್ದು. ಭಾರತ ಆ ಒಪ್ಪಂದ ಸೇರಿದ್ದು 1992ರಲ್ಲಿ. 2025ರಿಂದ ಹೊಸ ಯಂತ್ರಗಳ ತಯಾರಿಕೆಯಲ್ಲಿ ಆರ್-22 ಬಳಸುವಂತಿಲ್ಲ. ಹಳೆಯದರ ದುರಸ್ತಿಗೆ ಮಾತ್ರ, ಅದೂ ಕಡಿಮೆಯಾಗುತ್ತಾ ಹೋಗುತ್ತದೆ. ಯಂತ್ರ ಇನ್ನೂ ಗೋಡೆ ಮೇಲಿದೆ, ಅಸಲಿ ಗ್ಯಾಸ್ ಮಾತ್ರ ಅಪರೂಪವಾಗುತ್ತಿದೆ. ಇಂಥ ಹೊತ್ತಲ್ಲೇ 'ಕಡಿಮೆ ರೇಟಿನ ಸಿಲಿಂಡರ್' ಹುಟ್ಟಿಕೊಳ್ಳುತ್ತದೆ.

ಅದರಲ್ಲಿ ಏನಿರುತ್ತದೆ ಎನ್ನುವುದೇ ಪ್ರಶ್ನೆ. 2011ರಲ್ಲಿ ಹಡಗಿನ ಶೀತಲ ಕಂಟೇನರ್‌ಗಳು ಸ್ಫೋಟಿಸಿ ದುರಸ್ತಿ ಕೆಲಸಗಾರರು ಸತ್ತರು. ತನಿಖೆ ಮಾಡಿದಾಗ ಆ ಕಂಟೇನರ್‌ಗಳಿಗೆ ವಿಯೆಟ್ನಾಂನಲ್ಲಿ ನಕಲಿ ಗ್ಯಾಸ್ ತುಂಬಿದ್ದು ಗೊತ್ತಾಯಿತು. ಆರ್-134ಎ ಹೆಸರಿನ ಸಿಲಿಂಡರ್‌ನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅದು ಯಂತ್ರದೊಳಗಿನ ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೆ ಸಾಕು ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗಿ ಬದಲಾಗಿತ್ತು. ಕೆಲಸಗಾರರಿಗೆ ತಾವು ಏನು ಮುಟ್ಟುತ್ತಿದ್ದೇವೆ ಎಂಬುದೇ ತಿಳಿದಿರಲಿಲ್ಲ.

ಇನ್ನೊಂದು ಅಡ್ಡದಾರಿ ಅಡುಗೆ ಗ್ಯಾಸ್. ಆರ್-22 ಯಂತ್ರಕ್ಕೆ ಎಲ್‌ಪಿಜಿ ತುಂಬಿದರೂ ತಂಪು ಬರುತ್ತದೆ. ಅದಕ್ಕೇ ಮೋಸ ಗೊತ್ತಾಗುವುದಿಲ್ಲ. ಪ್ರೊಪೇನ್, ಐಸೊಬ್ಯುಟೇನ್‌ಗಳನ್ನು ಎಸಿ, ಫ್ರಿಜ್‌ಗಳಲ್ಲಿ ಕಾಯ್ದೆಬದ್ಧವಾಗಿಯೇ ಬಳಸುತ್ತಾರೆ ನಿಜ. ಆದರೆ ಆ ಯಂತ್ರಗಳನ್ನು ಅದಕ್ಕೆಂದೇ ಕಟ್ಟಿರುತ್ತಾರೆ, ಪ್ರಮಾಣ ಮಿತಿಯಲ್ಲಿರುತ್ತದೆ, ಕಿಡಿ ಹಾರದಂತೆ ವ್ಯವಸ್ಥೆ ಇರುತ್ತದೆ. ಹಳೆ ಎಸಿಯಲ್ಲಿ ಇವು ಯಾವುವೂ ಇಲ್ಲ. ಬಾಗಿಲು ಮುಚ್ಚಿದ ಮಲಗುವ ಕೋಣೆಯಲ್ಲಿ ಸೋರಿದರೆ ಒಂದು ಸ್ವಿಚ್ ಒತ್ತಿದರೂ ಸಾಕು.

ಮೊದಲ ಪೆಟ್ಟು ಮೆಕ್ಯಾನಿಕ್‌ಗೆ

ಮೆಕ್ಯಾನಿಕ್‌ಗಳನ್ನು ಕಳ್ಳರೆಂದು ಬೈಯುವುದು ಸುಲಭ. ಆದರೆ ಈ ಆಟದಲ್ಲಿ ಮೊದಲು ಜೀವ ಒಡ್ಡುವವರು ಅವರೇ. ಮೊದಲು ತುಂಬಿದವನು ಎಲ್‌ಪಿಜಿ ಹಾಕಿದ್ದರೆ, ಮುಂದಿನ ವರ್ಷ ಬರುವ ಹುಡುಗನಿಗೆ ಅದು ಗೊತ್ತಿರುವುದಿಲ್ಲ. ಆತ ಬೆಸುಗೆಗೆ ಟಾರ್ಚ್ ಹಚ್ಚುತ್ತಾನೆ, ಬೆಂಕಿ ಮುಖಕ್ಕೇ ಬರುತ್ತದೆ. ಅಸಲಿ ಆರ್-22 ಇದ್ದರೂ ಕೊಳವೆ ಪೂರ್ತಿ ಖಾಲಿ ಮಾಡದೆ ಬೆಂಕಿ ತಾಗಿಸಿದರೆ ಆಮ್ಲದ ಹೊಗೆ ಏಳುತ್ತದೆ, ಫಾಸ್ಜೀನ್ ಎಂಬ ವಿಷಾನಿಲವೂ ಹುಟ್ಟಬಹುದು.

ಸೋರಿಕೆ ಹುಡುಕಲು ಆಕ್ಸಿಜನ್ ಒತ್ತಡ ಕೊಡುವುದು ಇನ್ನೊಂದು ಅಪಾಯ. ಗ್ಯಾಸ್ ವೆಲ್ಡಿಂಗ್‌ನ ಆಕ್ಸಿಜನ್ ಸಿಲಿಂಡರ್ ಕೈಗೆ ಸಿಗುವಲ್ಲಿ ಇರುತ್ತದೆ, ನೈಟ್ರೋಜನ್ ಇರುವುದಿಲ್ಲ. ಕಂಪ್ರೆಸರ್ ಎಣ್ಣೆ ಮತ್ತು ಒತ್ತಡದ ಆಕ್ಸಿಜನ್ ಕೂಡಿದರೆ ಸ್ಫೋಟ. ಈ ಪರೀಕ್ಷೆಗೆ ಒಣ ನೈಟ್ರೋಜನ್ ಮಾತ್ರ ಬಳಸಬೇಕು. ಇದರಲ್ಲಿ ರಾಜಿ ಇಲ್ಲ.

ಗಾಳಿಗೆ ಬಿಟ್ಟ ಒಂದು ಕೆಜಿ

ಮನೆಯ ಎಸಿಯಲ್ಲಿ ಇರುವುದು ಸುಮಾರು ಒಂದು ಕೆಜಿ ಗ್ಯಾಸ್. "ಅಷ್ಟಕ್ಕ ಏನಾಗತದ?" ಅನಿಸಬಹುದು. ಒಂದು ಕೆಜಿ ಆರ್-22 ವಾತಾವರಣ ಸೇರಿದರೆ 1,700 ಕೆಜಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಕಾಯಿಸುತ್ತದೆ. ಲೀಟರಿಗೆ 50 ಕಿ.ಮೀ. ಕೊಡುವ ಬೈಕ್‌ ಅನ್ನು 35 ಸಾವಿರ ಕಿ.ಮೀ.ಗಿಂತ ಹೆಚ್ಚು ಓಡಿಸಿದಷ್ಟು. ಹೊಸ ಎಸಿಗಳ ಆರ್-32 ಅದಕ್ಕಿಂತ ಕಡಿಮೆ ಕಾಯಿಸುತ್ತದೆ. ಆದರೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣ ಅದಕ್ಕಿದೆ, ಅಂದರೆ ಕೆಲಸ ಕಲಿತವರೇ ಮುಟ್ಟಬೇಕು.

ಯಾರು ಏನು ಮಾಡಬೇಕು?

ಕಾನೂನಿಗೆ ಕೊರತೆಯಿಲ್ಲ. ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303, ಕಳವು ಮಾಲು ಕೊಳ್ಳುವವರಿಗೆ ಕಲಂ 317, ವಿಷ ಮತ್ತು ಬೆಂಕಿ ವಸ್ತುಗಳ ವಿಷಯದಲ್ಲಿ ನಿರ್ಲಕ್ಷ್ಯಕ್ಕೆ ಕಲಂ 286, 287 ಇವೆ. ಕೊರತೆ ಇರುವುದು ದಾಖಲೆಯದು. ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆ, ಶಿರಹಟ್ಟಿ ಪಟ್ಟಣ ಪಂಚಾಯ್ತಿ ವ್ಯಾಪಾರ ಪರವಾನಗಿ ಕೊಡುವಾಗಲೇ ಎರಡು ಷರತ್ತು ಹಾಕಬಹುದು: ಗುಜರಿ ಅಂಗಡಿಯಲ್ಲಿ ತಾಮ್ರ ತಂದವರ ಗುರುತಿನ ನಕಲು, ಎಸಿ ರಿಪೇರಿ ಅಂಗಡಿಯಲ್ಲಿ ಗ್ಯಾಸ್ ಖರೀದಿಯ ಬಿಲ್. ಕೆಲಸ ನೋಡಿ ನೋಡಿ ಕಲಿತ ಹುಡುಗರಿಗೆ ಐಟಿಐಗಳಲ್ಲಿ ಬೇಸಿಗೆಗೂ ಮುಂಚೆ ನಾಲ್ಕು ದಿನದ ತರಬೇತಿ ಕೊಟ್ಟರೆ ದೊಡ್ಡ ಉಪಕಾರ.

ನಾವು ಮಾಡಬೇಕಾದದ್ದು ಇನ್ನೂ ಸರಳ. ಹೊರ ಯುನಿಟ್‌ಗೆ ಜಾಲರಿ ಹಾಕಿಸಿ. ಯುನಿಟ್ ಮೇಲಿನ ಲೇಬಲ್‌ನಲ್ಲಿ ಗ್ಯಾಸಿನ ಹೆಸರು, ತೂಕ ಬರೆದಿರುತ್ತದೆ, ಫೋಟೊ ತೆಗೆದಿಡಿ. ಅದೇ ಗ್ಯಾಸನ್ನು ತೂಕ ಮಾಡಿ ಹಾಕಲು ಹೇಳಿ, ಬಿಲ್‌ನಲ್ಲಿ ಬರೆಸಿ. ಗ್ಯಾಸ್ ಹಾಕಿದ ಮೇಲೆ ಕೋಣೆಯಲ್ಲಿ ಅಡುಗೆ ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಕಿಟಕಿ-ಬಾಗಿಲು ತೆರೆದು ಎಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಸೋರಿಕೆ ಹುಡುಕಿ, ಬೆಸುಗೆ ಹಾಕಿ, ನೈಟ್ರೋಜನ್‌ನಿಂದ ಪರೀಕ್ಷಿಸಿ ಗ್ಯಾಸ್ ತುಂಬುವವನು ಅರ್ಧ ದಿನ ತೊಗೋತಾನ, ರೊಕ್ಕ ಹೆಚ್ಚು ಕೇಳತಾನ. ಅರ್ಧ ತಾಸಿನವನು ಅಗ್ಗ. ನಾವು ಅಗ್ಗದವನನ್ನೇ ಕರೆಯುವತನಕ ಸರಿಯಾಗಿ ಕೆಲಸ ಮಾಡುವವನು ಈ ಊರಲ್ಲಿ ಉಳಿಯುವುದಿಲ್ಲ. ಈ ಬೇಸಿಗೆಗೆ ಮೆಕ್ಯಾನಿಕ್ ಬಂದಾಗ "ಎಷ್ಟ ಆಗತದ?" ಅಂತ ಕೇಳುವ ಮೊದಲು "ಎಲ್ಲಿ ಸೋರಾಕತ್ತೈತಿ ನೋಡಪಾ" ಅಂತ ಕೇಳ್ರಿ.