ಬೇಕಾದರೆ ಹಾಕಿಕೊಳ್ಳಿ!

ಬಿ.ಎ. ಓದುವವನಿಗೆ ಗಣಕಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳುವುದು ತಪ್ಪಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ಪದವಿಯ ಕಾಗದ ಕೈಸೇರುವ ಮೊದಲೇ ಈ ಉಸಾಬರಿಗೆ ಬಿದ್ದೆನು. ಆದರೆ ನಾನು ಹೇಳಹೊರಟದ್ದು ಯಂತ್ರದ ಮಾತಿಗಿಂತ ನಮ್ಮ ಲಿಪಿಯ ಮಾತು.

ಕಳೆದ ಮಳೆಗಾಲದಲ್ಲಿ ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ತುಂಬಿ ಧುಮುಕುತ್ತಿದ್ದಾಗ ನಾವು ಮೂವರು ಗೆಳೆಯರು ಮೊಬೈಲಿನಲ್ಲಿ ಅದರ ಚಿತ್ರ ತೆಗೆದೆವು. ನನ್ನ ಜೊತೆಗಿದ್ದವರಲ್ಲಿ ಒಬ್ಬನು ಮೂಡಲಗಿಯವನು, ಇನ್ನೊಬ್ಬನು ಹುಕ್ಕೇರಿಯವನು. ತುಣುಕುಗಳನ್ನು ಜೋಡಿಸಿ, ಕೆಳಗೆ ಕನ್ನಡದಲ್ಲಿ ವಿವರ ಬರೆಯಬೇಕೆಂದು ನಮ್ಮ ಆಸೆ. ಹಣ ತೆತ್ತು ಕೊಳ್ಳುವ ತಂತ್ರಾಂಶ ನಮಗೆಲ್ಲಿಂದ ಬಂದೀತು? ಮೂಡಲಗಿಯ ಗೆಳೆಯನು ಪೈಥಾನ್ ಭಾಷೆಯ ‘ಮೂವಿಪೈ’ಯನ್ನು ಹುಡುಕಿದನು. ನಾಲ್ಕು ಸಾಲು ಆಜ್ಞೆ ಬರೆದರೆ ಚಿತ್ರವನ್ನು ಕತ್ತರಿಸಿ ಜೋಡಿಸಿಕೊಡುವ ಉಚಿತ ಸಾಧನವದು. ಒಂದೇ ಸಾಲಿನಲ್ಲಿ ಯಂತ್ರಕ್ಕೆ ಇಳಿಯಿತು. ಅದಕ್ಕೆ ಅತ್ಯಗತ್ಯವಾದ ಎಫ್‌ಎಫ್‌ಎಂಪೆಗ್ ತಾನಾಗಿಯೇ ಹಿಂದೆ ಬಂದಿತು. ಉಳಿದವು ‘ಐಚ್ಛಿಕ’, ಎಂದರೆ ಬೇಕಾದರೆ ಹಾಕಿಕೊಳ್ಳಿ ಎಂದು ಬರೆದಿತ್ತು.

ನಾವು ಅನುಸರಿಸಿದ ಪಾಠ ಹಳೆಯದು. ಅದರಂತೆ ಅಕ್ಷರ ಮೂಡಿಸಲು ‘ಇಮೇಜ್‌ಮ್ಯಾಜಿಕ್’ ಬೇಕು. ಅದರ ‘ಕನ್ವರ್ಟ್’ ಎಂಬ ಆಜ್ಞೆಯ ಹೆಸರಿನದೇ ಇನ್ನೊಂದು ಆಜ್ಞೆ ವಿಂಡೋಸಿನಲ್ಲಿ ಮೊದಲೇ ಉಂಟು. ಅದಾದರೋ ಡಿಸ್ಕಿನ ವ್ಯವಸ್ಥೆ ಬದಲಿಸುವಂಥದು! ಒಂದೇ ಓಣಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದಂತೆ. ವಿಳಾಸವನ್ನು ಪೂರ್ತಿ ಬರೆದುಕೊಡದೆ ಕೆಲಸ ನಡೆಯಲಿಲ್ಲ. 2024ರಲ್ಲಿ ಬಂದ ಎರಡನೆಯ ಆವೃತ್ತಿ ಈ ತೊಡಕನ್ನೇ ಕೈಬಿಟ್ಟು ಅಕ್ಷರದ ಕೆಲಸವನ್ನು ‘ಪಿಲ್ಲೋ’ಗೆ ಒಪ್ಪಿಸಿದೆಯೆಂದು ಆಮೇಲೆ ತಿಳಿಯಿತು. ಹಿಗ್ಗಿ ಅದನ್ನೇ ಹಾಕಿದೆವು.

ಚಿತ್ರ ಸಿದ್ಧವಾಯಿತು. ಅವ್ವನಿಗೆ ತೋರಿಸಿದೆನು. ಅವಳು ನಾಲ್ಕನೆಯ ಇಯತ್ತೆ ಓದಿದವಳು. ಒಂದೊಂದಕ್ಷರ ಕೂಡಿಸಿ ಓದುತ್ತಾಳೆ. ಗೋಕಾಕ, ಮೂಡಲಗಿ ಹೇಗೋ ದಾಟಿದವು. ಹುಕ್ಕೇರಿಯ ಬಳಿ ನಿಂತಳು. “ಹು... ಕ... ಕೇ... ಇದ್ಯಾವ ಊರೋ ತಮ್ಮಾ?” ಎಂದಳು. ನೋಡಿದರೆ ಕೆಳಗಿರಬೇಕಾದ ಒತ್ತು ಪಕ್ಕಕ್ಕೆ ಬಂದು ಕುಳಿತಿದೆ! ಘಟಪ್ರಭೆಯ ಗತಿಯೂ ಅದೇ. ತಪ್ಪು ತನ್ನ ಓದಿನದೆಂದೇ ಅವ್ವ ತಿಳಿದಿದ್ದಳು. ಅದು ನನಗೆ ಬಹಳ ನೊಂದಿತು.

ಕಾರಣ ಹೀಗಿದೆ. ಇಂಗ್ಲಿಷ್ ಅಕ್ಷರಗಳನ್ನು ಸಾಲಾಗಿ ಇಟ್ಟರೆ ಸಾಕು. ಕನ್ನಡಕ್ಕೆ ಒತ್ತು, ಗುಣಿತಗಳನ್ನು ಬೆಸೆಯುವವರು ಬೇಕು. ಆ ಕೆಲಸ ‘ಹಾರ್ಫ್‌ಬಜ್’ನದು, ಅದನ್ನು ಪಿಲ್ಲೋಗೆ ಹೊಂದಿಸುವುದು ‘ರಕ್ಮ್’. (ಅರಬ್ಬಿಯ ಈ ಶಬ್ದಕ್ಕೆ ಬರಹವೆಂದೂ ಅಂಕಿಯೆಂದೂ ಅರ್ಥ, ನಮ್ಮ ಸಾಹುಕಾರರ ‘ರಕಮು’ ಇದರ ಬಂಧುವೇ.) ಅವೆರಡೂ ಪಿಲ್ಲೋ ಜೊತೆಗೇ ಬಂದಿದ್ದವು. ಆದರೆ ‘ಫ್ರಿಬಿಡಿ’ ಎಂಬ ಮೂರನೆಯದು ಇಲ್ಲದೆ ರಕ್ಮ್ ಕಣ್ಣು ತೆರೆಯದು. ವಿಂಡೋಸಿನಲ್ಲಿ ಅದನ್ನು ನಾವೇ ತಂದಿಡಬೇಕು. ಫ್ರಿಬಿಡಿಯ ಕಸುಬು ಬಲದಿಂದ ಎಡಕ್ಕೆ ಬರೆಯುವ ಲಿಪಿಗಳದು. ಎಡದಿಂದ ಬಲಕ್ಕೆ ಬರೆಯುವ ಕನ್ನಡ ಅದರ ಬಾಗಿಲು ಕಾಯಬೇಕಾಗಿ ಬಂದದ್ದು ವಿನೋದವಲ್ಲವೆ? ಆ ಒಂದು ಕಡತ ಇಟ್ಟೊಡನೆ ಹುಕ್ಕೇರಿ ಹುಕ್ಕೇರಿಯಾಯಿತು.

ಇದನ್ನು ಕಟ್ಟಿದವರನ್ನು ನಾನು ಹಳಿಯಲಾರೆ. ಪುಕ್ಕಟೆ ಕೊಟ್ಟಿದ್ದಾರೆ, ದಾನದ ಆಕಳ ಹಲ್ಲು ಎಣಿಸಬಾರದು. ಭಾರವಾಗದಿರಲೆಂದು ಕೆಲವನ್ನು ಹೊರಗಿಟ್ಟದ್ದೂ ನ್ಯಾಯವೇ. ನನ್ನ ತಕರಾರು ‘ಐಚ್ಛಿಕ’ ಎಂಬ ಆ ಶಬ್ದದ ಮೇಲೆ. ಒಬ್ಬರಿಗೆ ಉಪ್ಪಿನಕಾಯಿಯಾದದ್ದು ಇನ್ನೊಬ್ಬರಿಗೆ ರೊಟ್ಟಿಯೇ ಆಗಿರಬಹುದು. ಕನ್ನಡಕ್ಕೆ ಇದು ಬೇಕೇಬೇಕು ಎಂದು ಒಂದು ಸಾಲು ಅಲ್ಲಿ ಬರೆಯುವವರು ಯಾರು? ನಾವೇ ಬರೆಯಬೇಕು. 1982ರ ಗೋಕಾಕ ಚಳವಳಿಗೆ ಹೆಸರು ಬಂದದ್ದು ವಿ. ಕೃ. ಗೋಕಾಕರಿಂದ, ನಮ್ಮ ಊರಿನಿಂದಲ್ಲ; ಆದರೂ ಆ ಹೆಸರು ಕೇಳಿ ನಾವು ಎದೆಯುಬ್ಬಿಸುತ್ತೇವೆ. ಹುಕ್ಕೇರಿಯಲ್ಲಿ 1969ರಿಂದ ಸಹಕಾರಿ ಸಂಘವೇ ಹಳ್ಳಿಗಳಿಗೆ ವಿದ್ಯುತ್ತು ಹಂಚುತ್ತ ಬಂದಿದೆ. ಅಂಥ ನೆಲದವರಿಗೆ ಒಂದು ಪುಟ ಬರೆಯುವುದು ಭಾರವೆ?

ನಾವು ಮೂವರು ಈ ಕ್ರಮವನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿದ್ದೇವೆ. ಲಿನಕ್ಸಿನ ಕ್ರಮ ಇನ್ನೂ ಬರೆದಿಲ್ಲ. ಬಲ್ಲ ಗೆಳೆಯರಿದ್ದರೆ ಹಾಳೆಯ ಹಿಂಬದಿ ಖಾಲಿ ಇದೆ.